ರಿಪೋರ್ಟ್ ನಾರ್ಮಲ್, ಕೈ ಮಾತ್ರ ಊದಿದೆ

ಸ್ತನ ಕ್ಯಾನ್ಸರಿನ ಆಪರೇಷನ್, ಕೀಮೋ, ಕರೆಂಟು (ರೇಡಿಯೇಷನ್) ಎಲ್ಲ ಮುಗಿಸಿ ಫಾಲೋಅಪ್‌ಗೆ ಹೋದಾಗ ಡಾಕ್ಟರ ಮುಂದೆ ಕೂರಲು ಸಿಗುವುದು ಐದೋ ಹತ್ತೋ ನಿಮಿಷ. ಹೊರಗೆ ಸಾಲು ಕಾದಿರುತ್ತದೆ. ಅಷ್ಟು ಹೊತ್ತಿನಲ್ಲಿ ಅವರು ಮುಖ್ಯವಾಗಿ ನೋಡುವುದು ಕಾಯಿಲೆ ಮರಳಿದೆಯೇ ಎಂಬುದನ್ನು. ಮರಳಿಲ್ಲವಾದರೆ ‘ಎಲ್ಲ ಚೆನ್ನಾಗಿದೆ, ಮೂರು ತಿಂಗಳು ಬಿಟ್ಟು ಬನ್ನಿ’ ಅಂತ ಕಳಿಸುತ್ತಾರೆ. ಬ್ಲೌಸಿನ ತೋಳು ಒಂದೇ ಕಡೆ ಬಿಗಿಯಾಗುತ್ತಿದೆ, ಬೆಳಗ್ಗೆ ಎದ್ದರೆ ಬೆರಳು ಮಡಚಲಾಗುವುದಿಲ್ಲ, ಪಾದ ಜೋಮು ಹಿಡಿದಂತಿದೆ, ರಾತ್ರಿ ಮೈಯೆಲ್ಲ ಧಗ್ ಎಂದು ಬೆವರುತ್ತದೆ. ಇವೆಲ್ಲ ಬಾಯಿಗೆ ಬರುವ ಹೊತ್ತಿಗೆ ಮುಂದಿನವರ ಹೆಸರು ಕೂಗಿಯಾಗಿರುತ್ತದೆ. ಎಷ್ಟೋ ಹೆಂಗಸರು ‘ಜೀವ ಉಳಿದಿದೆಯಲ್ಲ, ಇದೇನು ಮಹಾ’ ಎಂದು ನುಂಗಿಕೊಂಡು ಬಸ್ಸು ಹತ್ತುತ್ತಾರೆ.

ನುಂಗಿಕೊಳ್ಳಬಾರದು. ಈ ತೊಂದರೆಗಳಲ್ಲಿ ಹಲವು ಶುರುವಿನಲ್ಲೇ ಕಣ್ಣಿಗೆ ಬಿದ್ದರೆ ಸುಲಭಕ್ಕೆ ಹತೋಟಿಗೆ ಬರುತ್ತವೆ, ತಡವಾದರೆ ಬದುಕಿನುದ್ದಕ್ಕೂ ಅಂಟಿಕೊಳ್ಳುತ್ತವೆ. ಬೇಗ ಕಣ್ಣಿಗೆ ಬೀಳಬೇಕಾದರೆ ಏನನ್ನು ನೋಡಬೇಕು ಎಂದು ಯಾರಾದರೂ ಮೊದಲೇ ಹೇಳಿಕೊಟ್ಟಿರಬೇಕು. ಆ ಕೆಲಸಕ್ಕೆ ಅದೇ ಚಿಕಿತ್ಸೆ ದಾಟಿ ಬಂದ ಇನ್ನೊಬ್ಬ ಹೆಂಗಸಿಗಿಂತ ತಕ್ಕವರು ಸಿಗುವುದು ಅಪರೂಪ. ಆಕೆ ಏನು ಹೇಳಿಕೊಡಬಹುದು, ಎಲ್ಲಿ ಸುಮ್ಮನಿರಬೇಕು ಎರಡನ್ನೂ ಇಲ್ಲಿ ನೋಡೋಣ. ಕೈಯ ಊತದ ಬಗ್ಗೆ ಹೆಚ್ಚು ಬರೆದಿದ್ದೇವೆ. ಮನೆಯಲ್ಲೇ ಹಿಡಿಯಬಹುದಾದ, ಆದರೂ ಹೆಚ್ಚಾಗಿ ಕೈ ತಪ್ಪಿ ಹೋಗುವ ತೊಂದರೆ ಅದೇ.

ಊತ ಎಲ್ಲಿಂದ ಬರುತ್ತದೆ

ರಕ್ತನಾಳಗಳ ಸಣ್ಣ ಕವಲುಗಳಿಂದ ದಿನವಿಡೀ ಸ್ವಲ್ಪ ಸ್ವಲ್ಪ ದ್ರವ ಹೊರಗೆ ಒಸರುತ್ತಿರುತ್ತದೆ, ಜೊತೆಗೆ ಪ್ರೋಟೀನೂ ಒಸರುತ್ತದೆ. ಇವನ್ನು ಹಿಡಿದು ಮತ್ತೆ ರಕ್ತಕ್ಕೆ ಸೇರಿಸುವುದು ದುಗ್ಧನಾಳಗಳ ಕೆಲಸ. ತೋಳಿನ ದುಗ್ಧನಾಳಗಳಲ್ಲಿ ಬಹುಪಾಲು ಕಂಕುಳಿನ ಗ್ರಂಥಿಗಳನ್ನು ಹಾದೇ ಹೋಗಬೇಕು. ಕ್ಯಾನ್ಸರ್ ಕಂಕುಳಿಗೆ ಹರಡಿದ್ದರೆ ಅಲ್ಲಿನ ಹತ್ತೋ ಅದಕ್ಕಿಂತ ಹೆಚ್ಚೋ ಗ್ರಂಥಿಗಳನ್ನು ಒಟ್ಟಿಗೆ ತೆಗೆಯುತ್ತಾರೆ. ಹರಡಿಲ್ಲವೆಂದು ಅನ್ನಿಸಿದರೆ ಬಣ್ಣ ಅಥವಾ ವಿಕಿರಣ ದ್ರವ ಕೊಟ್ಟು ಮೊದಲ ಕೆಲವೇ ಗ್ರಂಥಿಗಳನ್ನು ತೆಗೆದು ಪರೀಕ್ಷೆ ಮಾಡುತ್ತಾರೆ. ಇದಕ್ಕೆ ಸೆಂಟಿನೆಲ್ ಬಯಾಪ್ಸಿ ಎನ್ನುತ್ತಾರೆ. ಮೊದಲ ಬಗೆಯ ಆಪರೇಷನ್ ಆದವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಊತ ಬರುತ್ತದೆ, ಎರಡನೆಯದರಲ್ಲಿ ಸುಮಾರು ಇಪ್ಪತ್ತರಲ್ಲಿ ಒಬ್ಬರಿಗೆ. ಹಾಗಾಗಿ ಡಿಸ್ಚಾರ್ಜ್ ಚೀಟಿಯಲ್ಲಿ ಯಾವ ಆಪರೇಷನ್, ಎಷ್ಟು ಗ್ರಂಥಿ ತೆಗೆದರು ಎಂಬುದನ್ನು ಓದಿಸಿಕೊಂಡು ಬರೆದಿಟ್ಟುಕೊಳ್ಳಿ. ಕಂಕುಳಿಗೆ ಅಥವಾ ಕತ್ತಿನ ಬುಡಕ್ಕೆ ಕರೆಂಟು ಕೊಟ್ಟಿದ್ದರೆ, ಮೈ ತೂಕ ಹೆಚ್ಚಿದ್ದರೆ, ಕೈಗೆ ಒಮ್ಮೆ ಸೋಂಕು ತಗುಲಿದ್ದರೆ ಅಪಾಯ ಇನ್ನೂ ಏರುತ್ತದೆ.

ತೂಬು ಕಟ್ಟಿದ ಗದ್ದೆಯಂತೆ ದ್ರವ ತೋಳಿನಲ್ಲೇ ನಿಲ್ಲುತ್ತದೆ. ಬರೀ ನೀರು ನಿಂತಿದ್ದರೆ ಚಿಂತೆಯಿರಲಿಲ್ಲ. ನಿಂತಿರುವುದು ಪ್ರೋಟೀನ್ ಬೆರೆತ ದ್ರವ. ಅದು ಇನ್ನಷ್ಟು ನೀರನ್ನು ಎಳೆದುಕೊಳ್ಳುತ್ತದೆ, ಉರಿಯೂತ ಎಬ್ಬಿಸುತ್ತದೆ, ಕೆಲವು ವರ್ಷ ಹಾಗೇ ಬಿಟ್ಟರೆ ಅಲ್ಲಿ ನಾರು ಮತ್ತು ಕೊಬ್ಬು ಬೆಳೆದು ಕೈ ಗಟ್ಟಿಯಾಗುತ್ತದೆ. ಮೂತ್ರ ಹೆಚ್ಚಿಸುವ ‘ನೀರಿನ ಮಾತ್ರೆ’ಯಿಂದ ಈ ಊತ ಇಳಿಯದಿರುವುದು ಇದೇ ಕಾರಣಕ್ಕೆ: ಮಾತ್ರೆ ನೀರನ್ನು ಎಳೆಯುತ್ತದೆ, ಪ್ರೋಟೀನ್ ಅಲ್ಲೇ ಉಳಿಯುತ್ತದೆ, ಎರಡು ದಿನದಲ್ಲಿ ಊತ ಮತ್ತೆ ಹಾಜರು. ಆದರೂ ಊರಿನ ಕ್ಲಿನಿಕ್ಕುಗಳಲ್ಲಿ ಮೊದಲು ಬರೆದುಕೊಡುವುದು ಹಲವು ಬಾರಿ ಅದನ್ನೇ.

ಕರಾವಳಿಯವರಿಗೆ ಆನೆಕಾಲು ಗೊತ್ತಿರುವುದರಿಂದ ಕೈ ಊದಿದವರನ್ನು ನೋಡಿದೊಡನೆ ಗುಸುಗುಸು ಶುರುವಾಗುತ್ತದೆ. ದುಗ್ಧನಾಳ ಕೆಟ್ಟು ದ್ರವ ನಿಲ್ಲುವುದು ಎರಡರಲ್ಲೂ ಒಂದೇ, ಕಾರಣ ಬೇರೆ. ಆನೆಕಾಲಿಗೆ ಸೊಳ್ಳೆಯಿಂದ ಬರುವ ಹುಳು ಕಾರಣ. ಇಲ್ಲಿ ಹುಳುವೂ ಇಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ಆರೈಕೆಯ ರೀತಿಯಲ್ಲಿ ಮಾತ್ರ ಎರಡಕ್ಕೂ ನೆಂಟಸ್ತಿಕೆ ಇದೆ. ಕಾಸರಗೋಡಿನ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ಚರ್ಮದ ಆರೈಕೆ, ಬ್ಯಾಂಡೇಜು, ಯೋಗ, ಆಯುರ್ವೇದ ಎಲ್ಲವನ್ನೂ ಸೇರಿಸಿ ದುಗ್ಧನಾಳದ ಊತಕ್ಕೆ ವರ್ಷಗಳಿಂದ ಚಿಕಿತ್ಸೆ ಕೊಡುತ್ತಿದೆ.

ಟೇಪು ಹಿಡಿಯುವುದು ಹೇಗೆ

ಊತ ಕಣ್ಣಿಗೆ ಕಾಣುವ ಮೊದಲೇ ಕೈಗೆ ಗೊತ್ತಾಗುತ್ತದೆ. ಭಾರ ಎನಿಸುತ್ತದೆ, ಸಂಜೆಯ ಹೊತ್ತಿಗೆ ಬಳೆ ಜಾರುವುದಿಲ್ಲ, ಉಂಗುರ ಕಚ್ಚುತ್ತದೆ, ಬ್ಲೌಸಿನ ಹೊಲಿಗೆಯ ಗುರುತು ತೋಳಿನ ಮೇಲೆ ಉಳಿಯುತ್ತದೆ. ಅನುಮಾನ ಬಂದರೆ ಹೆಬ್ಬೆರಳಿನಿಂದ ಹತ್ತು ಸೆಕೆಂಡು ಒತ್ತಿ ಬಿಡಿ. ಗುಳಿ ನಿಂತರೆ ದ್ರವ ಇದೆ ಎಂದರ್ಥ. ಆದರೆ ಅನಿಸಿಕೆಯನ್ನೇ ನಂಬಿ ಕೂರುವ ಬದಲು ಅಳೆಯುವುದು ಮೇಲು. ಆಪರೇಷನ್‌ಗೆ ಮೊದಲೇ ಎರಡೂ ಕೈ ಅಳೆದಿಟ್ಟಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಆಗಿಲ್ಲವೆಂದರೆ ಇವತ್ತೇ ಅಳೆಯಿರಿ, ನಾಳೆಯ ಹೋಲಿಕೆಗೆ ಅದೇ ಆಧಾರ.

ದರ್ಜಿಯ ಟೇಪು ಸಾಕು. ಹಳೆಯದು ಎಳೆದು ಎಳೆದು ಹಿಗ್ಗಿರುತ್ತದೆ, ಹೊಸದನ್ನೇ ತನ್ನಿ, ಬೇರೆ ಕೆಲಸಕ್ಕೆ ಬಳಸಬೇಡಿ. ಕುರ್ಚಿಯಲ್ಲಿ ಕೂತು ಕೈಯನ್ನು ಮೇಜಿನ ಮೇಲೆ ಚಾಚಿ, ಅಂಗೈ ಕೆಳಗೆ ಮಾಡಿ ಇಡಿ. ಮಣಿಕಟ್ಟಿನಲ್ಲಿ ಕಿರುಬೆರಳ ಕಡೆ ಉಬ್ಬಿದ ಮೂಳೆ ಇದೆಯಲ್ಲ, ಅದು ಸೊನ್ನೆ. ಅಲ್ಲಿಂದ ಮೇಲಕ್ಕೆ ಪ್ರತಿ 4 ಸೆಂ.ಮೀ.ಗೆ ಪೆನ್ನಿನಲ್ಲಿ ಚುಕ್ಕೆ ಇಡುತ್ತಾ ಕಂಕುಳಿನ ಹತ್ತಿರದವರೆಗೆ ಹೋಗಿ. ಪ್ರತಿ ಚುಕ್ಕೆಯಲ್ಲೂ ಸುತ್ತಳತೆ ತೆಗೆದು ಬರೆಯಿರಿ. ಇನ್ನೊಂದು ಕೈಗೂ ಹೀಗೇ. ಟೇಪು ಚರ್ಮಕ್ಕೆ ತಾಗಬೇಕು, ಚರ್ಮವನ್ನು ಒತ್ತಬಾರದು. ಎಲ್ಲರೂ ಎಡವುವುದು ಇಲ್ಲೇ: ಊತ ಕಡಿಮೆಯಾಗಿರಲಿ ಎಂಬ ಆಸೆಯಿಂದ ಬೆರಳು ತಾನಾಗಿ ಬಿಗಿ ಹಿಡಿಯುತ್ತದೆ. ಆದ್ದರಿಂದ ಅಳೆಯುವುದು ಇನ್ನೊಬ್ಬರಾದರೆ ಒಳ್ಳೆಯದು, ಅದೂ ಪ್ರತಿ ಬಾರಿ ಅವರೇ ಆದರೆ ಇನ್ನೂ ಒಳ್ಳೆಯದು. ಹೊತ್ತೂ ಒಂದೇ ಇರಲಿ. ಬೆಳಗಿನ ಅಳತೆಯನ್ನು ಸಂಜೆಯದಕ್ಕೆ ಹೋಲಿಸಬಾರದು.

ಯಾವುದೇ ಒಂದು ಚುಕ್ಕೆಯಲ್ಲಿ ಎರಡು ಕೈಗಳ ನಡುವೆ 2 ಸೆಂ.ಮೀ. ವ್ಯತ್ಯಾಸ ಬಂದರೆ ಅದನ್ನು ಊತ ಎಂದೇ ಎಣಿಸುವ ಪದ್ಧತಿಯಿದೆ. ಇನ್ನೂ ನಿಖರವಾಗಿ ಬೇಕೆಂದರೆ ಸುತ್ತಳತೆಯಿಂದ ಗಾತ್ರ ತೆಗೆಯಬಹುದು. ಲೆಕ್ಕ ನೋಡಲು ಹೆದರಿಸುತ್ತದೆ, ಮಾಡಲು ಸುಲಭ. ಅಕ್ಕಪಕ್ಕದ ಎರಡು ಚುಕ್ಕೆಗಳ ಅಳತೆ 24 ಮತ್ತು 25 ಸೆಂ.ಮೀ. ಎಂದುಕೊಳ್ಳಿ. 24×24 ಅಂದರೆ 576, 24×25 ಅಂದರೆ 600, 25×25 ಅಂದರೆ 625. ಮೂರೂ ಕೂಡಿದರೆ 1801. ಅದನ್ನು 4ರಿಂದ ಗುಣಿಸಿ 37.7ರಿಂದ ಭಾಗಿಸಿ. ಸುಮಾರು 191 ಮಿ.ಲೀ. ಬರುತ್ತದೆ, ಅದು ಆ ಒಂದು ತುಂಡಿನ ಗಾತ್ರ. ಎಲ್ಲ ತುಂಡುಗಳನ್ನೂ ಕೂಡಿದರೆ ಇಡೀ ತೋಳಿನದು ಸಿಗುತ್ತದೆ. ಮೊಬೈಲಿನ ಕ್ಯಾಲ್ಕುಲೇಟರ್ ಸಾಕು, ಶಾಲೆಗೆ ಹೋಗುವ ಮಕ್ಕಳಿದ್ದರೆ ಅವರಿಗೇ ಒಪ್ಪಿಸಬಹುದು. ಚೆನ್ನಾಗಿರುವ ಕೈ 2000 ಮಿ.ಲೀ. ಇದ್ದು ಇನ್ನೊಂದು 2200 ಆದರೆ ಶೇ. 10 ಹೆಚ್ಚು, ಅದು ಖಚಿತ ಊತ. ಆದರೆ ಅಲ್ಲಿಯವರೆಗೆ ಕಾಯಬೇಡಿ. ನಿಮ್ಮದೇ ಹಿಂದಿನ ಅಳತೆಗಿಂತ ಶೇ. 5ರಷ್ಟು ಏರುತ್ತಾ ಹೋಗುತ್ತಿದ್ದರೆ ಆಗಲೇ ಫಿಸಿಯೋಥೆರಪಿಸ್ಟ್ ಬಳಿ ಹೋಗಿ. ಬಲಗೈ ಬಳಸುವವರಿಗೆ ಬಲಗೈ ಮೊದಲಿನಿಂದಲೂ ತುಸು ದಪ್ಪ ಇರುತ್ತದೆ ಎಂಬುದೂ ನೆನಪಿರಲಿ. ಹೆಚ್ಚಿನವರಿಗೆ ಊತ ಮೊದಲ ಎರಡು ಮೂರು ವರ್ಷಗಳಲ್ಲೇ ಬರುವುದರಿಂದ ಅಲ್ಲಿಯವರೆಗೆ ತಿಂಗಳಿಗೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ ಅಳೆದರೆ ಸಾಕು.

ಒಂದು ಎಚ್ಚರಿಕೆ. ಊತ ಒಂದೆರಡು ದಿನದಲ್ಲೇ ದಿಢೀರನೆ ಬಂದರೆ, ನೋವಿದ್ದರೆ, ಕೈ ನೀಲಿಗಟ್ಟಿದ್ದರೆ, ಅಥವಾ ವರ್ಷಗಳ ನಂತರ ಕಂಕುಳಲ್ಲಿ ಹೊಸ ಗಂಟು ಸಿಕ್ಕರೆ ತೋಳುಪಟ್ಟಿ ಹಾಕುವ ಯೋಚನೆ ಆಮೇಲೆ. ರಕ್ತ ಹೆಪ್ಪುಗಟ್ಟಿದೆಯೇ, ಕಾಯಿಲೆ ಮರಳಿದೆಯೇ ಎಂದು ಡಾಕ್ಟರು ಸ್ಕ್ಯಾನ್ ಮಾಡಿ ನೋಡಲಿ.

ಇಳಿಸುವುದು, ಇಳಿದದ್ದನ್ನು ಉಳಿಸಿಕೊಳ್ಳುವುದು

ಶುರುವಿನ ಊತ ರಾತ್ರಿ ಕೈಯನ್ನು ದಿಂಬಿನ ಮೇಲಿಟ್ಟು ಮಲಗಿದರೆ ಬೆಳಗ್ಗೆ ಇಳಿದಿರುತ್ತದೆ. ಈ ಹಂತದಲ್ಲಿ ಅಳತೆಗೆ ತಕ್ಕ ಒತ್ತಡದ ತೋಳುಪಟ್ಟಿ, ಅಂದರೆ ಕಂಪ್ರೆಷನ್ ಸ್ಲೀವ್ ಹಾಕಿಕೊಂಡರೆ ಅನೇಕರಿಗೆ ಅಷ್ಟಕ್ಕೇ ಹತೋಟಿಗೆ ಬರುತ್ತದೆ. ದಿಂಬಿಗೂ ಇಳಿಯದ ಹಂತ ತಲುಪಿದರೆ ಮೊದಲು ಎರಡರಿಂದ ನಾಲ್ಕು ವಾರ ಪದರ ಪದರವಾಗಿ ಬ್ಯಾಂಡೇಜು ಸುತ್ತಿ ಇಳಿಸಬೇಕು, ಆಮೇಲೆ ಪಟ್ಟಿ. ಊದಿದ ಕೈಗೆ ನೇರವಾಗಿ ಪಟ್ಟಿ ಹೊಲಿಸಿದರೆ ಆ ಊತದ ಅಳತೆಯನ್ನೇ ಕಾಯ್ದುಕೊಂಡಂತಾಗುತ್ತದೆ.

ಬ್ಯಾಂಡೇಜು ಎಂದರೆ ಮೆಡಿಕಲ್ ಶಾಪಿನ ಕಂದುಬಣ್ಣದ ಕ್ರೇಪ್ ಬ್ಯಾಂಡೇಜ್ ಅಲ್ಲ. ಕ್ರೇಪ್ ತುಂಬಾ ಹಿಗ್ಗುತ್ತದೆ. ಕೂತಾಗಲೂ ಹಿಂಡುತ್ತಿರುತ್ತದೆ, ಕೈ ಆಡಿಸುವಾಗ ಮಾತ್ರ ಸಡಿಲ ಕೊಡುತ್ತದೆ. ಇಲ್ಲಿ ಬೇಕಾದದ್ದು ಅದರ ತಿರುವುಮುರುವು. ಕಡಿಮೆ ಹಿಗ್ಗುವ ವಿಶೇಷ ಬ್ಯಾಂಡೇಜು ಸುಮ್ಮನಿದ್ದಾಗ ಹಗುರ, ಸ್ನಾಯು ಉಬ್ಬಿದಾಗ ಗಟ್ಟಿ ಗೋಡೆ. ಆ ಗೋಡೆಗೆ ಸ್ನಾಯು ಒತ್ತಿದಾಗ ದ್ರವ ಮೇಲಕ್ಕೆ ಸಾಗುತ್ತದೆ. ಚರ್ಮದ ಮೇಲೆ ಹತ್ತಿಯ ತೋಳುಚೀಲ, ಬೆರಳುಗಳಿಗೆ ಒಂದೊಂದಾಗಿ ಗಾಜ್, ಮೇಲೆ ಹತ್ತಿ ಅಥವಾ ಫೋಮ್, ಅದರ ಮೇಲೆ ಬ್ಯಾಂಡೇಜು; ಒತ್ತಡ ಅಂಗೈಯಲ್ಲಿ ಹೆಚ್ಚು, ಮೇಲೆ ಹೋದಂತೆ ಕಡಿಮೆ. ಸ್ನಾನದ ಹೊತ್ತು ಬಿಟ್ಟು ಇಡೀ ದಿನ ಇರಬೇಕು. ಇದನ್ನು ಕಲಿತವರೇ ಶುರು ಮಾಡಬೇಕು. ಮನೆಯಲ್ಲಿ ಅಂದಾಜಿಗೆ ಸುತ್ತಿ ಮೇಲ್ಭಾಗ ಬಿಗಿಯಾದರೆ ಅಂಗೈ ಬನ್ನಿನಂತೆ ಉಬ್ಬುತ್ತದೆ.

ಪಟ್ಟಿ ಕೊಳ್ಳುವಾಗ ಅಂಗಡಿಯ ‘ಮೀಡಿಯಂ, ಲಾರ್ಜ್’ ಮಾತಿಗೆ ಒಪ್ಪಬೇಡಿ. ಮಣಿಕಟ್ಟು, ಮೊಣಕೈ, ಮೇಲ್ತೋಳು ಮೂರನ್ನೂ ಅಳೆಯಬೇಕು. ಹಗುರ ಊತಕ್ಕೆ ಸಾಮಾನ್ಯವಾಗಿ 15ರಿಂದ 20 ಮಿ.ಮೀ. ಪಾದರಸದ ಒತ್ತಡ, ನೆಲೆನಿಂತ ಊತಕ್ಕೆ 20ರಿಂದ 30. ಅಂಗೈಯಲ್ಲೂ ಊತವಿದ್ದರೆ ಕೈಗವಸು ಸೇರಿದ್ದನ್ನೇ ಕೊಳ್ಳಬೇಕು, ಇಲ್ಲದಿದ್ದರೆ ತೋಳಿನ ದ್ರವವೆಲ್ಲ ಅಂಗೈಗೆ ಇಳಿಯುತ್ತದೆ. ಬೆಳಗ್ಗೆ ಎದ್ದ ಕೂಡಲೇ ಹಾಕಿ, ಮಲಗುವಾಗ ತೆಗೆಯಿರಿ. ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ತೊಟ್ಟು ಎಳೆದರೆ ಹಿಡಿತ ಸಿಗುತ್ತದೆ, ಉಗುರು ತಾಗಿ ದಾರ ಕೀಳುವುದೂ ತಪ್ಪುತ್ತದೆ. ಮೇಲ್ತುದಿಯನ್ನು ಮಡಚಬೇಡಿ, ಮಡಚಿದಲ್ಲಿ ಒತ್ತಡ ಇಮ್ಮಡಿಯಾಗಿ ಹಗ್ಗ ಕಟ್ಟಿದಂತಾಗುತ್ತದೆ. ಬೆರಳು ತಣ್ಣಗಾದರೆ, ಜುಮ್ಮೆಂದರೆ, ಬಣ್ಣ ಬದಲಾದರೆ ತಕ್ಷಣ ತೆಗೆಯಿರಿ. ಎರಡು ಪಟ್ಟಿ ಇಟ್ಟುಕೊಂಡು ಒಂದನ್ನು ಒಗೆದಾಗ ಇನ್ನೊಂದನ್ನು ಹಾಕಬೇಕು, ಆರು ತಿಂಗಳಿಗೆ ಬದಲಿಸಬೇಕು. ಹಿಗ್ಗಿ ಸಡಿಲವಾದ ಪಟ್ಟಿಯನ್ನು ‘ದುಡ್ಡು ಕೊಟ್ಟದ್ದಲ್ಲವಾ’ ಎಂದು ಎರಡು ವರ್ಷ ಹಾಕಿಕೊಂಡರೆ ತೋಳಿಗೆ ಏನೂ ಪ್ರಯೋಜನವಿಲ್ಲ.

ಮಸಾಜ್ ಬಗ್ಗೆ ಒಂದು ಮಾತು. ದುಗ್ಧರಸ ಸಾಗಿಸುವ ಮಸಾಜ್ ಬಹಳ ಹಗುರ, ಚರ್ಮ ಮಾತ್ರ ಸರಿಯುವಷ್ಟು. ಅದೂ ಮೊದಲು ಕತ್ತು ಮತ್ತು ಇನ್ನೊಂದು ಕಂಕುಳಿನಿಂದ ಶುರುವಾಗಿ ಆಮೇಲೆ ತೋಳಿಗೆ ಬರಬೇಕು. ಬಾಣಂತಿಗೆ ತಿಕ್ಕಿದಂತೆ ಬಿಸಿ ಎಣ್ಣೆ ಹಚ್ಚಿ ಬಲವಾಗಿ ಉಜ್ಜಿದರೆ ರಕ್ತದ ಹರಿವು ಹೆಚ್ಚಿ ದ್ರವವೂ ಹೆಚ್ಚು ಒಸರುತ್ತದೆ. ಎಷ್ಟು ಚೆನ್ನಾಗಿ ಮಾಡಿದರೂ ಮಸಾಜ್ ಒಂದರಿಂದಲೇ ಊತ ಇಳಿದು ಹಾಗೇ ಉಳಿಯದು. ದುಡ್ಡು ಅಷ್ಟೇ ಇದ್ದರೆ ಮಸಾಜಿಗೆ ಬೇಡ, ಪಟ್ಟಿಗೆ ಹಾಕಿ.

ಕೆಲಸ ಮಾಡಬಾರದು, ಭಾರ ಎತ್ತಬಾರದು ಎಂಬ ಹಳೆಯ ಮಾತನ್ನು 2009ರಲ್ಲಿ ಅಮೆರಿಕದ ಒಂದು ಅಧ್ಯಯನ ಅಲುಗಿಸಿತು. ಆಗಲೇ ಕೈ ಊದಿದ್ದ 141 ಹೆಂಗಸರಲ್ಲಿ ಅರ್ಧದಷ್ಟು ಮಂದಿ ಒಂದು ವರ್ಷ ವಾರಕ್ಕೆ ಎರಡು ಸಲ ತೂಕ ಎತ್ತಿದರು. ಅವರ ಊತ ಉಳಿದವರಿಗಿಂತ ಹೆಚ್ಚಲಿಲ್ಲ. ಊತ ಉಲ್ಬಣಿಸುವುದು ಅವರಲ್ಲೇ ಕಡಿಮೆಯಿತ್ತು. ಗುಟ್ಟು ಇರುವುದು ನಿಧಾನದಲ್ಲಿ. ಪಟ್ಟಿ ಹಾಕಿಕೊಂಡು ಅರ್ಧ ಲೀಟರ್ ನೀರಿನ ಬಾಟಲಿಯಿಂದ, ಅಂದರೆ ಅರ್ಧ ಕಿಲೋದಿಂದ ಶುರು ಮಾಡಿ. ಮಾರನೆಯ ದಿನ ಭಾರ, ಬಿಗಿತ ಇಲ್ಲವೆಂದರೆ ಎರಡು ಮೂರು ಸಲದ ನಂತರ ಸ್ವಲ್ಪ ಏರಿಸಿ. ಆರು ತಿಂಗಳು ಕೈಯನ್ನು ಮಗುವಿನಂತೆ ಕಾಪಾಡಿಕೊಂಡು ಬಂದವರು ಒಂದು ದಿನ ನಲ್ಲಿ ಬಂತೆಂದು ಹತ್ತು ಲೀಟರಿನ ಕೊಡಗಳನ್ನು ಹೊತ್ತು ಹಾಕುತ್ತಾರಲ್ಲ, ಕೈ ಊದುವುದು ಆಗ.

ಆ ಕೈಗೆ ಬಿ.ಪಿ. ನೋಡಬಾರದು, ಸೂಜಿ ಚುಚ್ಚಬಾರದು, ವಿಮಾನ ಹತ್ತಬಾರದು ಎಂಬ ಮಾತುಗಳೂ ಇವೆ. ಬಾಸ್ಟನ್ನಿನಲ್ಲಿ 632 ಹೆಂಗಸರ ಕೈ ಅಳೆಯುತ್ತಾ ಹೋದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಇವುಗಳಿಗೂ ಊತಕ್ಕೂ ಸಂಬಂಧ ಅದರಲ್ಲಿ ಕಾಣಲಿಲ್ಲ. ಸಂಬಂಧ ಕಂಡದ್ದು ಹೆಚ್ಚು ಮೈ ತೂಕ ಮತ್ತು ಸೋಂಕಿಗೆ. ಇನ್ನೊಂದು ಕೈ ಇರುವಾಗ ಅದನ್ನೇ ಕೊಡಿ, ಈಗಾಗಲೇ ಊತವಿದ್ದರೆ ಖಂಡಿತ ಅದನ್ನೇ ಕೊಡಿ. ಆದರೆ ತುರ್ತಿನಲ್ಲಿ ನರ್ಸ್ ಈ ಕೈಗೇ ಡ್ರಿಪ್ ಹಾಕಿದರೆ ಹೆದರಿ ನಿದ್ದೆಗೆಡಬೇಕಿಲ್ಲ.

ಹೆದರಬೇಕಾದದ್ದು ಸಣ್ಣ ಗಾಯಕ್ಕೆ. ಈಳಿಗೆ ಮಣೆ, ತೆಂಗಿನ ತುರಿಮಣೆ, ಮಲ್ಲಿಗೆ ಬಳ್ಳಿಯ ಕಡ್ಡಿ, ಗುಲಾಬಿ ಮುಳ್ಳು, ಒಡೆದ ಗಾಜಿನ ಬಳೆ, ಒಗ್ಗರಣೆಯ ಸಿಡಿತ ಇವೇ ದಾರಿ. ದುಗ್ಧರಸ ನಿಂತ ಕೈಯಲ್ಲಿ ರೋಗಾಣುವಿಗೆ ಎದುರಾಳಿ ಕಡಿಮೆ. ಸೋಂಕು ಬಂದು ಹೋದ ಮೇಲೆ ಉಳಿದ ದುಗ್ಧನಾಳಗಳೂ ಕೆಟ್ಟು ಊತ ಇನ್ನೊಂದು ಮೆಟ್ಟಿಲು ಏರುತ್ತದೆ. ಗಾಯವಾದರೆ ಸೋಪು ನೀರಿನಲ್ಲಿ ತೊಳೆದು ನಂಜುನಾಶಕ ಹಚ್ಚಿ. ಕೈ ಕೆಂಪಾಗಿ, ಬಿಸಿಯಾಗಿ, ಚಳಿಜ್ವರ ಬಂದರೆ ಅದೇ ದಿನ ಡಾಕ್ಟರ ಬಳಿ ಹೋಗಿ ಆಂಟಿಬಯಾಟಿಕ್ ಶುರು ಮಾಡಿಸಬೇಕು. ಪ್ಯಾರಾಸಿಟಮಾಲ್ ನುಂಗಿ ಬೆಳಗ್ಗೆ ನೋಡೋಣ ಎನ್ನುವ ಕಾಯಿಲೆ ಇದಲ್ಲ. ಆ ದಿನಗಳಲ್ಲಿ ಪಟ್ಟಿ ತೆಗೆದಿಡಿ. ಸ್ನಾನದ ನಂತರ ಬೆರಳ ಸಂದುಗಳನ್ನು ಒರೆಸಿ ಹಗುರವಾಗಿ ಕೊಬ್ಬರಿ ಎಣ್ಣೆಯೋ ವ್ಯಾಸಲೀನೋ ಹಚ್ಚಿದರೆ ಚರ್ಮ ಬಿರಿಯುವುದಿಲ್ಲ. ರಾತ್ರಿ ಹೊತ್ತಿನ ಕೆಲಸ ಇದು, ಪಟ್ಟಿ ಹಾಕುವ ಮುನ್ನ ಹಚ್ಚಿದರೆ ಜಾರುತ್ತದೆ. ಬಳೆ ತೊಡಬಾರದೆಂದೇನಿಲ್ಲ, ಎರಡು ಅಳತೆ ದೊಡ್ಡದು ತೊಟ್ಟರಾಯಿತು.

ಭುಜ ಮತ್ತು ಕಂಕುಳಿನ ದಾರ

ಆಪರೇಷನ್ ಆದ ಮಾರನೆಯ ದಿನದಿಂದಲೇ ಮುಷ್ಟಿ ಕಟ್ಟಿ ಬಿಡುವುದು, ಮೊಣಕೈ ಮಡಚುವುದು ಶುರುವಾಗಬೇಕು. ಭುಜದ ಮಟ್ಟಕ್ಕಿಂತ ಮೇಲೆ ಎತ್ತುವುದು ಒಂದು ವಾರ ಹತ್ತು ದಿನದ ನಂತರ ಅಥವಾ ಡ್ರೈನ್, ಅಂದರೆ ಗಾಯದ ದ್ರವ ಹೊರಹಾಕುವ ಕೊಳವೆ, ತೆಗೆದ ಮೇಲೆ. ಅವಸರ ಮಾಡಿದರೆ ಗಾಯದಡಿ ನೀರು ತುಂಬುತ್ತದೆ. ಆಮೇಲೆ ಗೋಡೆಗೆ ಮುಖ ಮಾಡಿ ನಿಂತು ಬೆರಳುಗಳಿಂದ ಗೋಡೆ ಹತ್ತುವುದು, ದಿನಕ್ಕೆ ಮೂರು ಸಲ, ಪ್ರತಿ ಸಲ ಹತ್ತು ಬಾರಿ. ತಲುಪಿದ ಎತ್ತರಕ್ಕೆ ಪೆನ್ಸಿಲ್ ಗುರುತು ಹಾಕಿ. ಆರರಿಂದ ಎಂಟು ವಾರಕ್ಕೆ ಕೈ ನೇರ ಮೇಲೆತ್ತಿದರೆ ತೋಳು ಕಿವಿ ಮುಟ್ಟುವಂತಿರಬೇಕು. ರೇಡಿಯೇಷನ್ ಮೇಜಿನ ಮೇಲೆ ಕೈ ತಲೆಯ ಮೇಲಿಟ್ಟು ಮಲಗಬೇಕಾದ್ದರಿಂದ ಇದನ್ನು ಮುಂದೂಡಿದರೆ ಚಿಕಿತ್ಸೆಯೇ ಮುಂದೆ ಹೋಗಬಹುದು.

ಕೈ ಎತ್ತಿದಾಗ ಕಂಕುಳಿನಿಂದ ಮೊಣಕೈವರೆಗೆ, ಕೆಲವರಿಗೆ ಮಣಿಕಟ್ಟಿನವರೆಗೂ, ತಂತಿಯಂತೆ ದಾರ ಎದ್ದು ಎಳೆದರೆ ಗಾಬರಿಯಾಗಬೇಡಿ. ಅದು ಕ್ಯಾನ್ಸರ್ ಅಲ್ಲ, ಗಟ್ಟಿಯಾದ ದುಗ್ಧನಾಳ. ಸಾಮಾನ್ಯವಾಗಿ ಮೊದಲ ಎಂಟು ವಾರಗಳಲ್ಲಿ ಬರುತ್ತದೆ, ನಿಧಾನವಾಗಿ ಎಳೆಯುವ ವ್ಯಾಯಾಮಕ್ಕೆ ಹೆಚ್ಚಿನವರಲ್ಲಿ ಮೂರು ತಿಂಗಳೊಳಗೆ ಹೋಗುತ್ತದೆ. ನೀವಾಗಿ ಜಗ್ಗಿ ಹರಿಯಲು ಹೋಗಬೇಡಿ. ಮೇಲ್ತೋಳಿನ ಒಳಭಾಗ ಮರಗಟ್ಟುವುದು ಅಥವಾ ಉರಿಯುವುದು ಇನ್ನೊಂದು ದೂರು. ಕಂಕುಳು ಹಾದುಹೋಗುವ ನರಕ್ಕೆ ಪೆಟ್ಟಾಗಿರುತ್ತದೆ. ಸಾಮಾನ್ಯ ನೋವಿನ ಮಾತ್ರೆ ಇದಕ್ಕೆ ಅಷ್ಟಾಗಿ ಕೆಲಸ ಮಾಡುವುದಿಲ್ಲ, ನರದ ನೋವಿನ ಮಾತ್ರೆಯೇ ಬೇಕು.

ಒಂದು ಸ್ತನ ತೆಗೆದವರು ಬ್ಲೌಸಿನೊಳಗೆ ಹತ್ತಿ, ಬಟ್ಟೆ ತುರುಕಿಕೊಳ್ಳುವುದು ಸಾಮಾನ್ಯ. ಅದಕ್ಕೆ ತೂಕವಿಲ್ಲ, ಮೇಲಕ್ಕೆ ಸರಿಯುತ್ತದೆ. ಇನ್ನೊಂದು ಸ್ತನ ದೊಡ್ಡದಿದ್ದರೆ ಭುಜ ಒಂದು ಕಡೆ ವಾಲಿ ಕತ್ತು, ಬೆನ್ನು ನೋಯುತ್ತವೆ. ಸಿಲಿಕೋನಿನ ಕೃತಕ ಸ್ತನ ಕೊಳ್ಳಲಾಗದಿದ್ದರೆ ಬಟ್ಟೆಯದನ್ನೇ ಹೊಲಿದು ಒಳಗೆ ಸ್ವಲ್ಪ ತೂಕ ಸೇರಿಸಿ, ಬ್ರಾದ ಒಳಜೇಬಿನಲ್ಲಿ ನಿಲ್ಲಿಸಿಕೊಳ್ಳಬಹುದು.

ಮಾತ್ರೆಗಳ ಐದು ವರ್ಷ, ಹತ್ತು ವರ್ಷ

ಹಾರ್ಮೋನಿಗೆ ಸ್ಪಂದಿಸುವ ಕ್ಯಾನ್ಸರ್ ಆಗಿದ್ದರೆ ಟ್ಯಾಮಾಕ್ಸಿಫೆನ್ ಅಥವಾ ಲೆಟ್ರೋಜೋಲ್, ಅನಾಸ್ಟ್ರೋಜೋಲ್‌ನಂಥ ಮಾತ್ರೆ ಐದರಿಂದ ಹತ್ತು ವರ್ಷ ನಡೆಯುತ್ತದೆ. ಡಾಕ್ಟರಿಗೆ ಹೇಳದೆ ಇದನ್ನು ನಿಲ್ಲಿಸಿಬಿಡುವವರು ಬಹಳ, ಕಾರಣ ಗಂಟುನೋವು ಮತ್ತು ಮೈ ಬಿಸಿ. ಲೆಟ್ರೋಜೋಲ್ ಗುಂಪಿನ ಮಾತ್ರೆ ತೆಗೆದುಕೊಳ್ಳುವವರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಬೆರಳು, ಮಂಡಿ ಬಿಗಿಯುತ್ತವೆ. ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆ, ಎರಡು ದಿನ ತೂಕದ ವ್ಯಾಯಾಮ ಮಾಡಿದರೆ ನೋವು ಇಳಿಯುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ಅದೂ ಸಾಲದಿದ್ದರೆ ಅದೇ ಗುಂಪಿನ ಇನ್ನೊಂದು ಮಾತ್ರೆಗೆ ಬದಲಿಸಬಹುದು, ಒಂದು ಒಗ್ಗದವರಿಗೆ ಇನ್ನೊಂದು ಒಗ್ಗುವುದುಂಟು.

ಮೈ ಬಿಸಿಗೆ ವೆನ್ಲಾಫಾಕ್ಸಿನ್, ಗಾಬಾಪೆಂಟಿನ್ ಕೊಡುತ್ತಾರೆ. ಇಲ್ಲೊಂದು ಅಪಾಯ ಅಡಗಿದೆ: ಟ್ಯಾಮಾಕ್ಸಿಫೆನ್ ದೇಹದೊಳಗೆ ಬದಲಾಗಿ ಕೆಲಸಕ್ಕೆ ಬರಬೇಕಾದರೆ ಯಕೃತ್ತಿನ ಒಂದು ಕಿಣ್ವ ಬೇಕು. ಖಿನ್ನತೆಗೆ ಕೊಡುವ ಪ್ಯಾರಾಕ್ಸೆಟಿನ್, ಫ್ಲುಆಕ್ಸೆಟಿನ್ ಆ ಕಿಣ್ವವನ್ನು ತಡೆಯುತ್ತವೆ. ಬೇರೆ ಡಾಕ್ಟರ ಬಳಿ ಹೋದಾಗ ಟ್ಯಾಮಾಕ್ಸಿಫೆನ್ ಚೀಟಿ ತೋರಿಸುವುದನ್ನು ಮರೆಯಬೇಡಿ. ಯೋನಿಯ ಒಣಗುವಿಕೆಯನ್ನು ಹೇಳಿಕೊಳ್ಳಲು ನಾಚಿಕೆ. ಹಾರ್ಮೋನಿಲ್ಲದ ಜೆಲ್‌ಗಳಿವೆ, ಹಾರ್ಮೋನಿನ ಕ್ರೀಮನ್ನು ಮಾತ್ರ ಕ್ಯಾನ್ಸರ್ ಡಾಕ್ಟರ ಕೇಳದೆ ಹಚ್ಚಬೇಡಿ.

ಲೆಟ್ರೋಜೋಲ್ ಮೂಳೆಯನ್ನೂ ಸವೆಸುತ್ತದೆ. ಶುರುವಿನಲ್ಲಿ, ಆಮೇಲೆ ಒಂದೆರಡು ವರ್ಷಕ್ಕೊಮ್ಮೆ ಮೂಳೆಯ ಸಾಂದ್ರತೆ ನೋಡುವ ಡೆಕ್ಸಾ ಸ್ಕ್ಯಾನ್ ಆಗಬೇಕು. ಆಹಾರ, ಮಾತ್ರೆ ಎಲ್ಲ ಸೇರಿ ದಿನಕ್ಕೆ 1000ರಿಂದ 1200 ಮಿ.ಗ್ರಾಂ. ಕ್ಯಾಲ್ಸಿಯಂ ಬೇಕು. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 350 ಮಿ.ಗ್ರಾಂ. ಇದೆ, ಮುದ್ದೆ ಉಣ್ಣುವವರು ಅಷ್ಟರ ಮಟ್ಟಿಗೆ ಮುಂದಿದ್ದಾರೆ. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಅದಕ್ಕೂ ಕ್ಯಾಲ್ಸಿಯಂ ಮಾತ್ರೆಗೂ ನಾಲ್ಕು ಗಂಟೆ ಅಂತರ ಬಿಡಬೇಕು. ಮೂಳೆಗೆ ಜೊಲೆಡ್ರಾನಿಕ್ ಆಸಿಡ್ ಇಂಜೆಕ್ಷನ್ ಹೇಳಿದರೆ ಮೊದಲು ಹಲ್ಲಿನ ಡಾಕ್ಟರ ಬಳಿ ಹೋಗಿ ಕೀಳುವ ಹಲ್ಲಿದ್ದರೆ ಕೀಳಿಸಿ. ಆಮೇಲೆ ಕೀಳಿಸಿದರೆ ದವಡೆಯ ಮೂಳೆ ಮಾಯದೆ ಕೊಳೆಯುವ ಅಪಾಯವಿದೆ.

ಪ್ಯಾಕ್ಲಿಟಾಕ್ಸೆಲ್ ಕೀಮೋ ಪಡೆದವರ ಪಾದ, ಬೆರಳು ಜೋಮು ಹಿಡಿದರೆ ಮನೆಯೊಳಗೂ ಚಪ್ಪಲಿ ಹಾಕಿ, ಸ್ನಾನದ ನೀರಿನ ಬಿಸಿಯನ್ನು ಮೊಣಕೈಯಿಂದ ನೋಡಿ. ನೋವಿದ್ದರೆ ಡುಲಾಕ್ಸೆಟಿನ್ ಉಪಯೋಗಕ್ಕೆ ಬರುತ್ತದೆ, ಆದರೆ ಅದೂ ಟ್ಯಾಮಾಕ್ಸಿಫೆನ್ ಕಿಣ್ವವನ್ನು ಸ್ವಲ್ಪ ತಡೆಯುವುದರಿಂದ ಕೇಳಿಯೇ ತೆಗೆದುಕೊಳ್ಳಿ.

ಕಾಯದೆ ಓಡಬೇಕಾದ ಕೆಲವಿವೆ. ಮುಟ್ಟು ನಿಂತ ಮೇಲೆ ಟ್ಯಾಮಾಕ್ಸಿಫೆನ್ ತೆಗೆದುಕೊಳ್ಳುವಾಗ ರಕ್ತ ಕಂಡರೆ ಗರ್ಭಕೋಶ ಪರೀಕ್ಷಿಸಬೇಕು. ಒಂದೇ ಮೀನಖಂಡ ಊದಿ ನೋವಾದರೆ ರಕ್ತ ಹೆಪ್ಪುಗಟ್ಟಿರಬಹುದು. ಡಾಕ್ಸೊರುಬಿಸಿನ್ ಅಥವಾ ಟ್ರಾಸ್ಟುಜುಮ್ಯಾಬ್ ಎಂಬ ಕ್ಯಾನ್ಸರ್ ಔಷಧ ಪಡೆದವರಿಗೆ ಮೆಟ್ಟಿಲು ಹತ್ತಿದರೆ ಏದುಸಿರು, ಎರಡೂ ಕಾಲಲ್ಲಿ ಊತ ಬಂದರೆ ಎಕೋ, ಅಂದರೆ ಹೃದಯದ ಸ್ಕ್ಯಾನ್ ಮಾಡಿಸಬೇಕು. ಕರೆಂಟು ಮುಗಿದ ಒಂದರಿಂದ ಆರು ತಿಂಗಳಲ್ಲಿ ಒಣಕೆಮ್ಮು, ಸಣ್ಣ ಜ್ವರ ಬಂದರೆ ಶ್ವಾಸಕೋಶಕ್ಕೆ ವಿಕಿರಣದ ಬಾಧೆ ಆಗಿರಬಹುದು. ಎಕ್ಸ್‌ರೇಯಲ್ಲಿ ಅದು ಟಿ.ಬಿ.ಯಂತೆ ತೋರಬಹುದಾದ್ದರಿಂದ ಕರೆಂಟು ಕೊಟ್ಟ ದಿನಾಂಕವನ್ನು ಮೊದಲೇ ಹೇಳಿ.

ಜೊತೆಗಾತಿಯರು

1952ರಲ್ಲಿ ನ್ಯೂಯಾರ್ಕಿನ ಟೆರೀಸ್ ಲ್ಯಾಸರ್ ಸ್ತನ ತೆಗೆಸಿಕೊಂಡರು. ಕೈ ಹೇಗೆ ಎತ್ತಬೇಕು, ಒಳಗೆ ಏನು ತೊಡಬೇಕು ಎಂಬ ಪ್ರಶ್ನೆಗಳಿಗೆ ಆಸ್ಪತ್ರೆಯಲ್ಲಿ ಉತ್ತರ ಸಿಗದೆ, ಆಪರೇಷನ್ ಆದ ಹೆಂಗಸರನ್ನು ತಾವೇ ಭೇಟಿ ಮಾಡಲು ಶುರು ಮಾಡಿದರು. ‘ರೀಚ್ ಟು ರಿಕವರಿ’ ಎಂಬ ಆ ಕೆಲಸವನ್ನು 1969ರಲ್ಲಿ ಅಮೆರಿಕನ್ ಕ್ಯಾನ್ಸರ್ ಸೊಸೈಟಿ ವಹಿಸಿಕೊಂಡಿತು, ಇವತ್ತು ಅದು ಹಲವು ದೇಶಗಳಲ್ಲಿದೆ. ಮುಂಬೈಯಲ್ಲಿ 1994ರಲ್ಲಿ ಶುರುವಾದ ವಿ ಕೇರ್ ಫೌಂಡೇಶನ್‌ನಲ್ಲೂ ಕ್ಯಾನ್ಸರ್ ಗೆದ್ದವರೇ ಸ್ವಯಂಸೇವಕರಾಗಿ ಕೆಲಸ ಮಾಡುತ್ತಾರೆ.

ನಮ್ಮಲ್ಲಿ ಗುಂಪು ಕಟ್ಟದೆಯೂ ಗುಂಪು ಆಗುವ ಜಾಗವೊಂದಿದೆ, ಕರೆಂಟಿನ ಕೊಠಡಿಯ ಹೊರಗಿನ ಬೆಂಚು. ಮೂರರಿಂದ ಐದು ವಾರ ದಿನವೂ ಅದೇ ಹೊತ್ತಿಗೆ ಅದೇ ಮುಖಗಳು. ಬೆಂಗಳೂರಿನ ಕಿದ್ವಾಯಿಯಂಥ ಆಸ್ಪತ್ರೆಗೆ ದೂರದ ಜಿಲ್ಲೆಗಳಿಂದ ಬಂದು ಹತ್ತಿರದಲ್ಲೇ ಉಳಿದುಕೊಂಡವರಿಗಂತೂ ಸಂಜೆಯೂ ಜೊತೆ. ‘ನಂಗೂ ಹಂಗೇ ಆಗಿತ್ತು ಕಣಕ್ಕಾ, ಎರಡು ತಿಂಗಳಿಗೆ ಹೋಯ್ತು’ ಎಂಬ ಒಂದು ಮಾತು ಕೊಡುವ ಧೈರ್ಯ ಕರಪತ್ರಕ್ಕೆ ಬರುವುದಿಲ್ಲ. ಮಗಳ ಮದುವೆಗೆ ಅಡ್ಡಿಯಾದೀತೆಂದು ನೆಂಟರಿಂದ ಕಾಯಿಲೆ ಮುಚ್ಚಿಟ್ಟವರಿಗೆ ಬಾಯಿಬಿಡಲು ಇರುವ ಜಾಗ ಅದೊಂದೇ. ಕರೆಂಟು ಮುಗಿದೊಡನೆ ಆ ಗುಂಪು ಚದುರುತ್ತದೆ, ಕೈ ಊದುವುದು ಅದಕ್ಕೂ ಆಮೇಲೆ. ಅದಕ್ಕೇ ಕೊನೆಯ ದಿನ ನಂಬರು ತೆಗೆದುಕೊಂಡು ಬನ್ನಿ.

ಗುಂಪು ಎಲ್ಲರಿಗೂ ಒಳ್ಳೆಯದು ಎಂದೇನಿಲ್ಲ. ಅಮೆರಿಕದಲ್ಲಿ ಮನೋವಿಜ್ಞಾನಿ ವಿಕಿ ಹೆಲ್ಗೆಸನ್ ಮತ್ತು ಸಂಗಡಿಗರು ಪರೀಕ್ಷಿಸಿದಾಗ, ಮನೆಯಲ್ಲಿ ಆಸರೆ ಇಲ್ಲದವರಿಗೆ ಜೊತೆಗಾರರ ಮಾತುಕತೆಯಿಂದ ಉಪಕಾರವಾಯಿತು, ಆಸರೆ ಚೆನ್ನಾಗಿದ್ದವರ ಸ್ಥಿತಿ ಕೊಂಚ ಹಾಳಾಯಿತು. ಮಾಹಿತಿ ಕೊಡುವ ಗುಂಪಿನಿಂದ ಆದ ಲಾಭ ಇದಕ್ಕಿಂತ ಸ್ಥಿರವಾಗಿತ್ತು. ನಮ್ಮ ತೀರ್ಮಾನ ಇದು: ಗುಂಪಿಗೆ ಮಾಡಲು ಒಂದು ಕೆಲಸವಿರಬೇಕು. ಆರರಿಂದ ಹತ್ತು ಮಂದಿ, ತಿಂಗಳಿಗೊಮ್ಮೆ ಒಂದೂವರೆ ಗಂಟೆ. ಮೊದಲ ಅರ್ಧ ಗಂಟೆ ಒಬ್ಬರ ಕೈ ಇನ್ನೊಬ್ಬರು ಅಳೆದು ಪುಸ್ತಕದಲ್ಲಿ ಬರೆಯುವುದು, ಆಮೇಲೆ ಭುಜದ ವ್ಯಾಯಾಮ, ಉಳಿದ ಹೊತ್ತು ಮಾತು. ಆಗೀಗ ಫಿಸಿಯೋಥೆರಪಿಸ್ಟ್ ಅಥವಾ ನರ್ಸ್ ಬಂದು ತಪ್ಪು ತಿದ್ದಿದರೆ ಚೆನ್ನ. ಹೊಸಬರಿಗೆ ಜೊತೆ ಹಾಕುವಾಗ ವಯಸ್ಸು ಮತ್ತು ಆಪರೇಷನ್ ಹೊಂದುವವರನ್ನು, ಚಿಕಿತ್ಸೆ ಮುಗಿದು ಒಂದು ವರ್ಷವಾದರೂ ಆದವರನ್ನು ಆರಿಸಿ. ಇನ್ನೂ ತಾನೇ ನಡುಗುತ್ತಿರುವವರಿಂದ ಹೊಸಬರಿಗೆ ಭಯ ಹೆಚ್ಚಾಗುತ್ತದೆ.

ಜೊತೆಗಾತಿ ಹೇಳಬಹುದಾದದ್ದು: ಪಟ್ಟಿ ಹೇಗೆ ಎಳೆಯುವುದು, ಯಾವ ದರ್ಜಿ ಒಳಜೇಬು ಹೊಲಿಯುತ್ತಾರೆ, ಡಾಕ್ಟರಿಗೆ ಯಾವ ಮೂರು ಪ್ರಶ್ನೆ ಬರೆದುಕೊಂಡು ಹೋಗಬೇಕು. ಹೇಳಬಾರದ್ದು: ಮಾತ್ರೆಯ ಪ್ರಮಾಣ, ಸ್ಕ್ಯಾನ್ ರಿಪೋರ್ಟಿನ ಅರ್ಥ, ‘ನಿಂಗೇನೂ ಆಗಲ್ಲ’ ಎಂಬ ಭರವಸೆ, ‘ಧೈರ್ಯವಾಗಿರು’ ಎಂಬ ಅಪ್ಪಣೆ. ವಾಟ್ಸ್ಆ್ಯಪ್ ಗುಂಪಿದ್ದರೆ ಸಕ್ಕರೆ ಬಿಟ್ಟರೆ ಕ್ಯಾನ್ಸರ್ ಸಾಯುತ್ತದೆ, ಲಕ್ಷ್ಮಣಫಲದ ಕಷಾಯ ಕುಡಿಯಿರಿ ಎಂಬ ಫಾರ್ವರ್ಡುಗಳನ್ನು ತೆಗೆದುಹಾಕಲು ಇಬ್ಬರು ಇರಲೇಬೇಕು. ಕಾಯಿಲೆ ಬೇರೆ ಅಂಗಕ್ಕೆ ಹರಡಿದವರ ಪ್ರಶ್ನೆಗಳೇ ಬೇರೆ. ಅವರನ್ನು ಗುಂಪಿನಿಂದ ದೂರ ಮಾಡದೆ, ಅವರು ಬಯಸಿದರೆ ಅಂಥವರದೇ ಇನ್ನೊಂದು ಜೊತೆ ಹುಡುಕಿಕೊಡಿ.

ಎರಡು ವಾರ ಬಿಡದೆ ನಿದ್ದೆ, ಊಟ ತಪ್ಪಿದರೆ, ಯಾವುದರಲ್ಲೂ ಮನಸ್ಸಿಲ್ಲವೆಂದರೆ, ಸಾಯುವ ಮಾತು ಬಂದರೆ ಅದು ಜೊತೆಗಾತಿಯ ಕೈ ಮೀರಿದ್ದು. ಒಂಟಿಯಾಗಿ ಬಿಡಬೇಡಿ, ಪಕ್ಕದಲ್ಲೇ ಕೂತು 14416ಕ್ಕೆ ಕರೆ ಮಾಡಿಸಿ. ಇದು 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ. ಬೆಂಗಳೂರಿನ ನಿಮ್ಹಾನ್ಸ್ ಇದರ ಕೇಂದ್ರ ಸಂಸ್ಥೆ. ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು.